ಫೆಲಿಕ್ಸ್ ಮಾಗಟ್: ಆಟಗಾರನೂ ಗುರುವೂ

ಕವಿಯೊಬ್ಬ ವಿಮರ್ಶೆ ಬರೆಯಲು ಕುಳಿತರೆ ಅವನ ಕವಿತೆಯನ್ನೂ ವಿಮರ್ಶೆಯನ್ನೂ ಒಟ್ಟಿಗಿಟ್ಟು ನೋಡುವುದು ನಮ್ಮಲ್ಲಿ ವಾಡಿಕೆ. ಹಾಡುಗಾರ ಪಾಠ ಹೇಳತೊಡಗಿದರೆ ಶಿಷ್ಯರ ಕಂಠದಲ್ಲಿ ಗುರುವಿನ ಗಮಕವನ್ನು ಹುಡುಕುತ್ತೇವೆ. ಕಾಲ್ಚೆಂಡಾಟದ ವಿಷಯಕ್ಕೆ ಬಂದಾಗ ಮಾತ್ರ ಈ ನ್ಯಾಯ ನಡೆಯುವುದಿಲ್ಲ. ಆಡಿದವನು ಬೇರೆ, ಆಡಿಸಿದವನು ಬೇರೆ ಎಂಬಂತೆ ಒಬ್ಬನೇ ಮನುಷ್ಯನನ್ನು ಎರಡಾಗಿ ಸೀಳಿ, ಒಂದು ಭಾಗಕ್ಕೆ ಹಾರ ಹಾಕಿ ಇನ್ನೊಂದಕ್ಕೆ ಕಲ್ಲೆಸೆಯುವುದು ಪತ್ರಿಕೆಗಳ ರೂಢಿಯಾಗಿಬಿಟ್ಟಿದೆ. ಜರ್ಮನಿಯ ಫೆಲಿಕ್ಸ್ ಮಾಗಟ್‌ನಷ್ಟು ಈ ಅನ್ಯಾಯಕ್ಕೆ ಗುರಿಯಾದವರು ಕಡಿಮೆ. ಈ ಅನ್ಯಾಯಕ್ಕೆ ತಾನೇ ಅಷ್ಟೊಂದು ಕಾರಣ ಒದಗಿಸಿದವರೂ ಕಡಿಮೆಯೇ.

ಇಂದು ಆತನ ಹೆಸರೆತ್ತಿದರೆ ಆ ದೇಶದಲ್ಲಿ ಮೊದಲು ನೆನಪಾಗುವುದು ಮೆಡಿಸಿನ್ ಬಾಲ್. ಎರಡು ಕೈಯಲ್ಲಿ ಎತ್ತಿ ಹಿಡಿದರೆ ತೋಳು ನೋಯುವ ಆ ಭಾರದ ಚೆಂಡು. ಆಮೇಲೆ ನೆನಪಾಗುವುದು ಗುಡ್ಡ ಹತ್ತಿ ಇಳಿಯುವ ಓಟ, ದಿನಕ್ಕೆ ಎರಡು ಮೂರು ಬಾರಿಯ ಅಭ್ಯಾಸ, ಬೆವರು, ವಾಂತಿ. ಜರ್ಮನ್ ಭಾಷೆಯಲ್ಲಿ 'ಕ್ವೇಲೆನ್' ಎಂದರೆ ಹಿಂಸಿಸುವುದು. ಫೆಲಿಕ್ಸ್ ಎಂಬ ಹೆಸರಿನೊಡನೆ ಅದನ್ನು ಬೆಸೆದು 'ಕ್ವೇಲಿಕ್ಸ್' ಎಂದು ಆತನಿಗೆ ಅಡ್ಡಹೆಸರಿಟ್ಟರು. ಫ್ರಾಂಕ್‌ಫರ್ಟಿನಲ್ಲಿ ಆತನ ಕೈಕೆಳಗೆ ಆಡಿದ ನಾರ್ವೆಯ ಫ್ಯೋರ್ಟಾಫ್ಟ್ ಹೇಳಿದ ಮಾತಂತೂ ಗಾದೆಯಾಗಿ ಹೋಗಿದೆ: ಮಾಗಟ್ ಇದ್ದಿದ್ದರೆ ಟೈಟಾನಿಕ್ ಹಡಗು ಉಳಿಯುತ್ತಿತ್ತೋ ಇಲ್ಲವೋ, ಬದುಕಿ ಬಂದವರ ಮೈಕಟ್ಟು ಮಾತ್ರ ಬಲು ಚೆನ್ನಾಗಿರುತ್ತಿತ್ತು. ನಗೆಮಾತೇನೋ ಚೆನ್ನಾಗಿದೆ. ಆದರೆ ನಗೆಮಾತು ವಿಮರ್ಶೆಯ ಸ್ಥಾನಕ್ಕೆ ಏರಿ ಕುಳಿತರೆ ಮುಂದಿನ ವಿಚಾರ ನಿಂತುಹೋಗುತ್ತದೆ.

ಮಾಗಟ್ ಹುಟ್ಟಿದ್ದು 1953ರ ಜುಲೈಯಲ್ಲಿ, ಬವೇರಿಯದ ಅಂಚಿನ ಆಷಾಫೆನ್‌ಬುರ್ಗ್ ಊರಿನಲ್ಲಿ. ತಂದೆ ಪೋರ್ಟೊರಿಕೋ ದ್ವೀಪದವನು. ಅಮೆರಿಕದ ಸೈನ್ಯದೊಡನೆ ಜರ್ಮನಿಗೆ ಬಂದವನು, ಮಗು ಚಿಕ್ಕದಿರುವಾಗಲೇ ಹಿಂದಿರುಗಿ ಹೋದ. ಬೆಳೆಸಿದ್ದು ತಾಯಿ. ಸೋತ ದೇಶದಲ್ಲಿ ಗೆದ್ದ ಸೈನ್ಯದವನ ಮಗನಾಗಿ, ತಂದೆಯಿಲ್ಲದ ಮನೆಯಲ್ಲಿ ಬೆಳೆದ ಹುಡುಗನ ಮೇಲೆ ಅದು ಏನು ಮುದ್ರೆಯೊತ್ತಿತು ಎಂದು ಊಹಿಸಿ ಬರೆಯುವ ಆಸೆ ಯಾವ ಲೇಖಕನಿಗೂ ಆಗುವಂಥದೇ. ಆ ಊಹೆ ನಮಗೆ ಬೇಡ. ಊರಿನ ಸಂಘದಲ್ಲಿ ಆಡಿ, 1974ರಿಂದ ಎರಡು ವರ್ಷ ಸಾರ್‌ಬ್ರೂಕನ್ ತಂಡದಲ್ಲಿದ್ದು, 1976ರಲ್ಲಿ ಹ್ಯಾಂಬರ್ಗ್ ಸೇರಿದ ಮೇಲಿನದೇ ನಮಗೆ ಮುಖ್ಯವಾದ ಕಥೆ. ಅಲ್ಲಿ ಆತ ಹತ್ತು ವರ್ಷ ಉಳಿದ. ಸೇರಿದ ಮೊದಲ ವರ್ಷದಲ್ಲೇ, 1977ರ ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಯ ಫೈನಲಿನಲ್ಲಿ, ಆಂಡರ್‌ಲೆಕ್ಟ್ ವಿರುದ್ಧ ಎರಡನೆಯ ಗೋಲು ಹೊಡೆದ. ಮುಂದೆ 1979, 1982, 1983 ಹೀಗೆ ಮೂರು ಬಾರಿ ಹ್ಯಾಂಬರ್ಗ್ ಜರ್ಮನಿಯ ಲೀಗನ್ನು ಗೆದ್ದಾಗಲೂ ಆತ ಆ ತಂಡದ ನಡುಗಂಬವಾಗಿದ್ದ.

ಆಟ ಎಂಥದು? ಎಡಗಾಲಿನವನು. ಓಟದಲ್ಲಿ ಚುರುಕೆಂದು ಯಾರೂ ಹೊಗಳಿದ್ದಿಲ್ಲ. ಮೈದಾನದ ನಡುವೆ ನಿಂತು, ಚೆಂಡು ತನ್ನ ಬಳಿಗೆ ಬರುವುದಕ್ಕೆ ಮೊದಲೇ ಅದು ಎಲ್ಲಿಗೆ ಹೋಗಬೇಕೆಂಬುದನ್ನು ಗೊತ್ತುಮಾಡಿಕೊಂಡಿರುತ್ತಿದ್ದ. ಬಲಬದಿಯಿಂದ ಕಾಲ್ಟ್ಸ್ ಬಾಗಿಸಿ ಹೊಡೆಯುತ್ತಿದ್ದ ಚೆಂಡಿಗೆ ಎತ್ತರದ ಹ್ರೂಬೆಷ್ ತಲೆಯೊಡ್ಡುವುದು ಆ ತಂಡದ ಪ್ರಸಿದ್ಧ ಅಸ್ತ್ರ. ಪ್ರೇಕ್ಷಕರ ಚಪ್ಪಾಳೆ ಆ ಇಬ್ಬರಿಗೆ. ಆದರೆ ಚೆಂಡನ್ನು ಯಾವ ಗಳಿಗೆಯಲ್ಲಿ ಬದಿಗೆ ಕಳಿಸಬೇಕು, ಯಾವ ಗಳಿಗೆಯಲ್ಲಿ ಕೊಡದೆ ಕಾಲಡಿಯಲ್ಲೇ ಇಟ್ಟುಕೊಳ್ಳಬೇಕು ಎಂಬ ತೀರ್ಮಾನ ನಡುವಿನಲ್ಲಿದ್ದವನದು. ಅದು ಕಣ್ಣಿಗೆ ಬೀಳುವ ಕೆಲಸವಲ್ಲ. ತಂಬೂರಿ ನಿಂತಾಗ ಮಾತ್ರ ಅದು ನುಡಿಯುತ್ತಿದ್ದುದು ಗೊತ್ತಾಗುವಂತೆ, ಮಾಗಟ್ ಆಡದ ದಿನ ಅದು ತಿಳಿಯುತ್ತಿತ್ತು.

ಆತನಿಗೆ ಇಬ್ಬರು ಗುರುಗಳು ದೊರೆತರು. ಮೊದಲನೆಯವನು ಯುಗೊಸ್ಲಾವಿಯದ ಬ್ರಾಂಕೊ ಜೆಬೆಟ್ಸ್. 1979ರ ಲೀಗ್ ಗೆಲ್ಲಿಸಿಕೊಟ್ಟವನು, ಮೈ ಮುರಿಯುವ ಅಭ್ಯಾಸಕ್ಕೆ ಹೆಸರಾದವನು. ಎರಡನೆಯವನು 1981ರಲ್ಲಿ ಬಂದ ಆಸ್ಟ್ರಿಯದ ಅರ್ನ್ಸ್ಟ್ ಹ್ಯಾಪಲ್. ಹ್ಯಾಪಲ್‌ನದು ಮಾತು ಕಡಿಮೆ, ಮೋರೆ ಗಂಟು; ಆದರೆ ವಿಚಾರ ಹೊಸದು. ಒಬ್ಬೊಬ್ಬ ಎದುರಾಳಿಯ ಬೆನ್ನಿಗೆ ಒಬ್ಬೊಬ್ಬ ಅಂಟಿಕೊಂಡು ತಿರುಗುವ ಅಂದಿನ ಜರ್ಮನ್ ಪದ್ಧತಿಯನ್ನು ಬಿಟ್ಟು, ಜಾಗವನ್ನು ಕಾಯುವುದು, ಎದುರಾಳಿಗೆ ಚೆಂಡು ಸಿಕ್ಕೊಡನೆ ಎಲ್ಲರೂ ಸೇರಿ ಅವನನ್ನು ಅಮುಕುವುದು ಆತನ ಪಾಠ. 1982ರ ಜನವರಿಯಿಂದ 1983ರ ಜನವರಿಯವರೆಗೆ ಹ್ಯಾಂಬರ್ಗ್ ಲೀಗಿನಲ್ಲಿ 36 ಪಂದ್ಯ ಸೋಲದೆ ಆಡಿತು. ಈ ಇಬ್ಬರಲ್ಲಿ ಮಾಗಟ್ ಯಾರಿಂದ ಏನನ್ನು ಪಡೆದ ಎಂಬ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದೇ ನಮ್ಮ ಕೈದೀವಿಗೆ.

1983ರ ಮೇ 25, ಅಥೆನ್ಸ್. ಯೂರೋಪಿನ ಚಾಂಪಿಯನ್ನರ ಕಪ್ಪಿನ ಫೈನಲ್. ಎದುರಿಗೆ ಇಟಲಿಯ ಯುವೆಂಟಸ್. ಹಿಂದಿನ ವರ್ಷ ವಿಶ್ವಕಪ್ ಗೆದ್ದ ಇಟಲಿ ತಂಡದ ಜಾಫ್, ಜೆಂಟೀಲೆ, ಕಬ್ರೀನಿ, ಶಿರೇಯ, ಟಾರ್ಡೆಲ್ಲಿ, ರೋಸಿ, ಇವರ ಜೊತೆಗೆ ಫ್ರಾನ್ಸಿನ ಪ್ಲಾಟಿನಿ, ಪೋಲೆಂಡಿನ ಬೋನಿಯೆಕ್. ಹ್ಯಾಂಬರ್ಗ್ ಗೆಲ್ಲುವುದೆಂದು ಪಣ ಕಟ್ಟಿದವರು ಬಹಳ ಮಂದಿ ಇರಲಾರರು. ಆಟ ಶುರುವಾಗಿ ಹತ್ತು ನಿಮಿಷ ತುಂಬಿರಲಿಲ್ಲ. ಎಡಬದಿಯಲ್ಲಿ ಚೆಂಡು ಮಾಗಟ್‌ನ ಕಾಲಿಗೆ ಬಂದಿತು. ಎದುರಿಗೆ ಬಂದವನು ಬೆಟೆಗ. ಹೊರಕ್ಕೆ ಹೋಗುವವನಂತೆ ಒಂದು ಸೋಗು, ಒಳಕ್ಕೆ ಒಂದು ಹೆಜ್ಜೆ, ಬೆಟೆಗನಿಗೆ ತೂಕ ತಪ್ಪಿತು. ದಂಡದ ಚೌಕದ ಹೊರಗಿನಿಂದಲೇ ಎಡಗಾಲಿನ ಹೊಡೆತ. ಚೆಂಡು ಬಾಗುತ್ತ ಹೋಗಿ, ಜಾಫ್‌ನ ಚಾಚಿದ ಕೈಗೆ ನಿಲುಕದೆ, ಆಚೆಯ ಮೂಲೆಯಲ್ಲಿ ಬಲೆ ಸೇರಿತು. ಉಳಿದ ಎಂಬತ್ತು ನಿಮಿಷ ಆ ಹೆಸರಾಂತ ಪಡೆಗೆ ಒಂದೂ ಗೋಲು ದಕ್ಕಲಿಲ್ಲ. ಪಂದ್ಯ 1-0.

ಈ ಗೋಲನ್ನು ಜನ ಸೊಬಗಿನ ಹೊಡೆತವೆಂದು ಕೊಂಡಾಡುತ್ತಾರೆ. ಸೊಬಗೇನೋ ನಿಜ. ನನಗೆ ಅದರಲ್ಲಿ ಕಾಣುವುದು ಹೆಚ್ಚಾಗಿ ಮಿತವ್ಯಯ. ಅಲ್ಲಿ ಒಂದು ಹೆಜ್ಜೆಯೂ ಹೆಚ್ಚಾಗಿಲ್ಲ. ಮೂವರನ್ನು ದಾಟಿ ಹೋಗಬಹುದೇ ಎಂಬ ಆಸೆಯಿಲ್ಲ. ದಾಟಬೇಕಾದವನು ಒಬ್ಬ, ಅವನನ್ನು ಮೈ ತಾಕದೆ ದಾಟಿದ್ದಾಯಿತು. ತನ್ನ ಕಾಲಿನ ಓಟ ಎಷ್ಟೆಂಬುದನ್ನು ಚೆನ್ನಾಗಿ ಬಲ್ಲವನು ಹೊಡೆದ ಗೋಲು ಅದು.

ರಾಷ್ಟ್ರೀಯ ತಂಡದಲ್ಲಿ ಆತನಿಗೆ ಅಷ್ಟು ಸುಖವಿರಲಿಲ್ಲ. 43 ಪಂದ್ಯ, ಮೂರು ಗೋಲು. 1982ರಲ್ಲಿ ಸ್ಪೇನಿನ ಹಿಹೋನ್ ಊರಿನಲ್ಲಿ ಜರ್ಮನಿ ಆಸ್ಟ್ರಿಯಗಳು ಎರಡಕ್ಕೂ ಅನುಕೂಲವಾದ 1-0ರಲ್ಲಿ ಆಟ ನಿಲ್ಲಿಸಿ ಚೆಂಡನ್ನು ಸುಮ್ಮನೆ ಉರುಳಿಸಿಕೊಂಡು ಕಾಲ ಕಳೆದ ನಾಚಿಕೆಗೇಡಿನ ಪಂದ್ಯದಲ್ಲಿ ಆತನೂ ಇದ್ದ. ಮುಂದೆ ಫ್ರಾನ್ಸಿನ ವಿರುದ್ಧ ಸೆವಿಲ್ಲಿಯ ಆ ಮರೆಯಲಾಗದ ಸೆಮಿಫೈನಲಿನಲ್ಲಿ ಆರಂಭದಿಂದ ಆಡಿದರೂ, ನಾಟಕ ರಂಗೇರುವ ಮೊದಲೇ ಹೊರಗೆ ಕರೆಯಲ್ಪಟ್ಟ. 1986ರಲ್ಲಿ ಮೆಕ್ಸಿಕೋ ನಗರದಲ್ಲಿ ಮರಡೋನನ ಅರ್ಜೆಂಟೀನದ ಎದುರು ಫೈನಲ್. ಜರ್ಮನಿ ಎರಡು ಗೋಲು ಹಿಂದಿದ್ದಾಗ ಬೆಕೆನ್‌ಬೌವರ್ ಆತನನ್ನು ಹೊರಗೆ ಕರೆದು ಮುಂಚೂಣಿಗೆ ಒಬ್ಬನನ್ನು ಕಳಿಸಿದ. ಜರ್ಮನಿ ಎರಡನ್ನೂ ತೀರಿಸಿ ಕೊನೆಗೆ 3-2ರಲ್ಲಿ ಸೋತಿತು. ಎರಡು ಬಾರಿಯೂ, ತುರ್ತು ಬಂದಾಗ ತಂಡದವರಿಗೆ ಬೇಡವಾದದ್ದು ಆಲೋಚನೆಯ ಆಟಗಾರ. ಬೇಕಾದದ್ದು ಎತ್ತರದ ಆಳು. ಇದನ್ನು ಆತ ಮರೆತಿರಲಾರ.

ಇನ್ನು ಚದುರಂಗದ ಮಾತು. 1978ರಲ್ಲಿ ಹೆಪಟೈಟಿಸ್ ಕಾಯಿಲೆಯಿಂದ ಆತ ಮಲಗಬೇಕಾಯಿತು. ಆ ವರ್ಷವೇ ಕಾರ್ಪೊವ್-ಕೊರ್ಚ್‌ನಾಯ್ ಇಬ್ಬರ ವಿಶ್ವ ಚದುರಂಗ ಪಂದ್ಯ ನಡೆಯಿತು. ಹಾಸಿಗೆಯಲ್ಲಿ ಮಲಗಿ ಅದನ್ನು ಹಿಂಬಾಲಿಸಿದವನಿಗೆ ಆ ಆಟದ ಹುಚ್ಚು ಹಿಡಿದು ಮತ್ತೆ ಬಿಡಲಿಲ್ಲ. ಆತ ತಂಡವನ್ನು ಚದುರಂಗದ ಹಲಗೆಯಂತೆ ನೋಡುತ್ತಾನೆಂದು ಬರೆಯುವುದು ಎಲ್ಲರಿಗೂ ಸುಲಭವಾಗಿದೆ. ಸುಲಭವಾದರೂ ಸುಳ್ಳಲ್ಲ. ಆದರೆ ಹಲಗೆಯ ಮೇಲಿನ ಕಾಯಿಗೆ ದಣಿವಿಲ್ಲ, ಮುನಿಸಿಲ್ಲ. ಬಲಿಗೊಟ್ಟ ಕುದುರೆ ಮರುದಿನ ಪತ್ರಿಕೆಯವರನ್ನು ಕರೆದು ಹೇಳಿಕೆ ಕೊಡುವುದಿಲ್ಲ. ಆತನ ಗುರುತನದ ಗೆಲುವೂ ಸೋಲೂ ಈ ವ್ಯತ್ಯಾಸದ ನಡುವೆಯೇ ತೂಗಾಡಿವೆ.

ಆಟ ಬಿಟ್ಟ ಮೇಲೆ ಕೆಲವು ವರ್ಷ ಆತ ಸಂಘಗಳ ಆಡಳಿತ ನೋಡಿಕೊಂಡ. 1992ರಲ್ಲಿ ಬ್ರೆಮರ್‌ಹಾವನ್ನಿನ ಸಣ್ಣ ಸಂಘದಲ್ಲಿ ಆಡುತ್ತಲೇ ಆಡಿಸಲು ತೊಡಗಿ, ಆಮೇಲೆ ಹ್ಯಾಂಬರ್ಗ್, ನ್ಯೂರೆಂಬರ್ಗ್, ಬ್ರೆಮನ್, ಫ್ರಾಂಕ್‌ಫರ್ಟ್ ಸುತ್ತಿದ. ಎಲ್ಲಿಯೂ ಎರಡು ವರ್ಷದ ಮೇಲೆ ನಿಲ್ಲಲಿಲ್ಲ. ನ್ಯೂರೆಂಬರ್ಗನ್ನು 1998ರಲ್ಲಿ ಮೇಲಿನ ದರ್ಜೆಗೆ ಏರಿಸಿದ, ಫ್ರಾಂಕ್‌ಫರ್ಟನ್ನು 2000ದಲ್ಲಿ ಬೀಳದಂತೆ ಹಿಡಿದ. ಮುಳುಗುವ ದೋಣಿಗೆ ಅಂಬಿಗನೆಂಬ ಹೆಸರು ಆಗ ಬಂದದ್ದು. ಆಡಳಿತದವರು ಆತನನ್ನು ಕರೆಯುತ್ತಿದ್ದುದು ಬೇರೆಲ್ಲ ಉಪಾಯ ಮುಗಿದ ಮೇಲೆ. ದಡ ಕಂಡೊಡನೆ ಹುಟ್ಟು ಕಸಿದುಕೊಳ್ಳುತ್ತಿದ್ದರು. ಕಾಲಿನಲ್ಲಿ ಬಲ ತುಂಬಿ, ತಲೆಯಲ್ಲಿ ಭಯ ತುಂಬಿ, ಕೊನೆಯ ಹತ್ತು ಪಂದ್ಯ ಗೆಲ್ಲಿಸುವುದು ಒಂದು ವಿದ್ಯೆಯೇ ಸರಿ. ಛಡಿ ಏಟು ಚಂ ಚಂ, ವಿದ್ಯೆ ಘಂ ಘಂ ಎಂದು ನಮ್ಮ ಕೂಲಿಮಠದ ಅಯ್ಯಗಳೂ ನಂಬಿದ್ದರು. ಮಗ್ಗಿಯನ್ನು ಆ ವಿಧದಿಂದ ಕಲಿಸಬಹುದು. ಷಟ್ಪದಿ ಬರೆಯುವುದನ್ನು ಕಲಿಸಲಾಗದು.

ಆದರೆ ಸ್ಟುಟ್‌ಗಾರ್ಟಿನ ಮೂರು ವರ್ಷ ಈ ತೀರ್ಪನ್ನು ತಡೆಯುತ್ತದೆ. 2001ರ ಫೆಬ್ರುವರಿಯಲ್ಲಿ ಆತ ಬಂದಾಗ ತಂಡ ಕೆಳಕ್ಕೆ ಜಾರುತ್ತಿತ್ತು, ಸಂಘದ ಹಣದ ಪೆಟ್ಟಿಗೆ ಬರಿದಾಗಿತ್ತು. ಕೊಳ್ಳಲು ಹಣವಿಲ್ಲದ್ದರಿಂದ ಹುಡುಗರನ್ನು ಬೆಳೆಸಬೇಕಾಯಿತು. ಗೋಲು ಕಾಯಲು ಹಿಲ್ಡೆಬ್ರಾಂಡ್, ಬಲಬದಿಗೆ ಹಿಂಕೆಲ್, ಮುಂದೆ ಕುರಾನ್ಯಿ, ನಡುವೆ ಬೆಲಾರುಸದ ಹ್ಲೆಬ್; ಇವರೆಲ್ಲರ ನಡುವೆ ಹಿರಿಯಣ್ಣನಂತೆ ಬಲ್ಗೇರಿಯದ ಬಲಾಕೊವ್. 2003ರಲ್ಲಿ ಲೀಗಿನಲ್ಲಿ ಎರಡನೆಯ ಸ್ಥಾನ. ಆ ವರ್ಷದ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ತಮ್ಮೂರಿನಲ್ಲಿ 2-1ರಿಂದ ಸೋಲಿಸಿದರು. ಮ್ಯೂನಿಕ್‌ನಿಂದ ಎರವಲು ಬಂದಿದ್ದ ಫಿಲಿಪ್ ಲಾಮ್ ಎಂಬ ಹುಡುಗನನ್ನು ದೊಡ್ಡವರ ಆಟಕ್ಕೆ ಇಳಿಸಿದವನೂ ಮಾಗಟ್ಟೇ. ಹನ್ನೊಂದು ವರ್ಷದ ಬಳಿಕ ಜರ್ಮನಿಗೆ ವಿಶ್ವಕಪ್ ಎತ್ತಿಕೊಟ್ಟ ನಾಯಕ ಈತನೇ ಎಂಬುದನ್ನು ಓದುಗರು ಬಲ್ಲರು. ಬೇರೆ ಗುರುವನ್ನು ಕಾಣದ ಹುಡುಗರಿಗೆ ಈ ಗುರುವಿನ ಕಾಠಿಣ್ಯ ಕಾಠಿಣ್ಯವಾಗಿ ತೋರಲಿಲ್ಲ. ಆಟವೆಂದರೆ ಹೀಗೆಯೇ ಇರುತ್ತದೆಂದು ತಿಳಿದರು. ಇದು ಗುರುವಿಗೆ ಸಲ್ಲುವ ಹೊಗಳಿಕೆಯೋ ಶಿಷ್ಯರ ಮುಗ್ಧತೆಯ ವರ್ಣನೆಯೋ ಹೇಳುವುದು ಕಷ್ಟ.

ಅದೇ ಲಾಮ್ 2011ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಾಗಟ್‌ನ ವಿಧಾನವನ್ನು ಕುರಿತು ಬರೆದದ್ದರ ತಾತ್ಪರ್ಯ ಇಷ್ಟು: ಒತ್ತಡದಿಂದ ಕೆಲಸ ತೆಗೆಯುತ್ತಾನೆ, ಒಂದಷ್ಟು ಕಾಲ ಅದು ನಡೆಯುತ್ತದೆ, ಆಮೇಲೆ ನಾಟುವುದಿಲ್ಲ. ಮ್ಯೂನಿಕ್‌ನ ಬಯರ್ನ್ ಸಂಘದಲ್ಲಿ ನಡೆದದ್ದು ಅಕ್ಷರಶಃ ಹೀಗೆ. 2005ರಲ್ಲಿ ಲೀಗೂ ಕಪ್ಪೂ. 2006ರಲ್ಲಿ ಮತ್ತೆ ಎರಡೂ. ಜರ್ಮನಿಯಲ್ಲಿ ಅದಕ್ಕೆ ಮೊದಲು ಯಾರೂ ಎರಡು ವರ್ಷ ಒತ್ತಟ್ಟಿಗೆ ಈ ಜೋಡಿಯನ್ನು ಗೆದ್ದಿರಲಿಲ್ಲ. ಮೂರನೆಯ ವರ್ಷದ ಜನವರಿ ಕಡೆಯ ದಿನ ಆತನನ್ನು ಮನೆಗೆ ಕಳಿಸಿದರು. ಯೂರೋಪಿನ ಕಣದಲ್ಲಿ ಏನೂ ಸಾಧಿಸಲಿಲ್ಲವೆಂಬ ದೂರು ಇತ್ತು, 2006ರಲ್ಲಿ ಮಿಲಾನಿನಲ್ಲಿ 4-1ರ ಸೋಲೂ ಇತ್ತು. ನಾಲ್ಕು ಬಿರುದು ತಂದವನನ್ನು ಓಡಿಸಿದ್ದು ಕೃತಘ್ನತೆಯೆನ್ನಬಹುದು. ಆದರೆ ಆತ ಹೋದಾಗ ಕಣ್ಣೀರು ಹಾಕಿದ ಆಟಗಾರರ ಹೆಸರು ಎಲ್ಲಿಯೂ ಕೇಳಿಬರಲಿಲ್ಲ.

ಇಲ್ಲಿಂದ ಆತ ಹೋದದ್ದು ವುಲ್ಫ್ಸ್‌ಬರ್ಗಿಗೆ. 1938ರಲ್ಲಿ ಕಾರಿನ ಕಾರ್ಖಾನೆಗಾಗಿಯೇ ಕಟ್ಟಿದ ಊರು ಅದು. ಕಾಲ್ಚೆಂಡಿನ ಸಂಘವೂ ಫೋಕ್ಸ್‌ವ್ಯಾಗನ್ ಕಾರ್ಖಾನೆಯದೇ. ತರಬೇತಿ, ಆಟಗಾರರ ಕೊಳ್ಳುವಿಕೆ, ಆಡಳಿತ ಮೂರನ್ನೂ ಒಬ್ಬನ ಕೈಗೆ ಕೊಟ್ಟರು. ಅಭ್ಯಾಸದ ಬಯಲಿನಲ್ಲಿ ಮೆಟ್ಟಿಲಿನ ದಿಬ್ಬವೊಂದು ಎದ್ದಿತು. ಚಿತ್ರ ತೆಗೆಯುವವರು ಆ ದಿಬ್ಬದ ಮುಂದೆ ನೆರೆದರು. ಆದ್ದರಿಂದ ನಡುವಿನ ಬಯಲಿನಲ್ಲಿ ಏನು ನಡೆಯುತ್ತಿದೆಯೆಂಬುದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

2008-09ರ ಸಾಲು ಅದು. ಚಳಿಗಾಲದ ಬಿಡುವಿನಲ್ಲಿ ತಂಡ ಒಂಬತ್ತನೆಯ ಸ್ಥಾನದಲ್ಲಿತ್ತು. ಬಿಡುವು ಕಳೆದ ಮೇಲೆ ಒಂದರ ಹಿಂದೊಂದು ಹತ್ತು ಗೆಲುವು. ಏಪ್ರಿಲ್ 4ರಂದು ಬಯರ್ನ್ ಬಂದಿತು, 5-1. ಬ್ರೆಜಿಲಿನ ಗ್ರಾಫಿಟೆ ಎದುರಾಳಿಗಳ ನಡುವೆ ನುಸುಳಿ, ಗೋಲು ಕಾಯುವವನನ್ನೂ ದಾಟಿ, ಹಿಮ್ಮಡಿಯಿಂದ ಚೆಂಡನ್ನು ತಳ್ಳಿದ ಗೋಲು ಆ ದಿನದ್ದು. ಆಟ ಮುಗಿಯಲು ಒಂದು ನಿಮಿಷವಿರುವಾಗ ಮಾಗಟ್ ತನ್ನ ಗೋಲು ಕಾಯುವವನನ್ನು ಬದಲಾಯಿಸಿದ. ಅದಕ್ಕೆ ಅಗತ್ಯವೇನೂ ಇರಲಿಲ್ಲ. ಎರಡು ವರ್ಷದ ಹಿಂದೆ ತನ್ನನ್ನು ಹೊರಗಟ್ಟಿದವರಿಗೆ ಅದೊಂದು ನಮಸ್ಕಾರವೆಂದು ನೋಡಿದವರೆಲ್ಲ ಅರ್ಥಮಾಡಿಕೊಂಡರು. ಮೇ 23ರಂದು ಬ್ರೆಮನ್ ತಂಡವನ್ನೂ 5-1ರಲ್ಲೇ ಸೋಲಿಸಿ, ವುಲ್ಫ್ಸ್‌ಬರ್ಗ್ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಲೀಗ್ ಗೆದ್ದಿತು. ಗ್ರಾಫಿಟೆ 28 ಗೋಲು, ಬೋಸ್ನಿಯದ ಜೆಕೊ 26. ಇಬ್ಬರದೂ ಸೇರಿ 54. ಗೆರ್ಡ್ ಮುಲ್ಲರ್, ಉಲಿ ಹೋನೆಸ್ ಜೋಡಿ 1971-72ರಲ್ಲಿ ಸ್ಥಾಪಿಸಿದ್ದ 53ರ ದಾಖಲೆ ಮುರಿಯಿತು.

ಈ ಗೆಲುವನ್ನು ದಿಬ್ಬಕ್ಕೂ ಭಾರದ ಚೆಂಡಿಗೂ ಬರೆದುಬಿಟ್ಟವರು ಮಿಸಿಮೊವಿಚ್‌ನನ್ನು ಮರೆತಿದ್ದಾರೆ. ಜೆಕೊ ದೇಶದವನೇ ಆದ ಈತ ಇಬ್ಬರು ಮುಂಚೂಣಿಯವರ ಬೆನ್ನಿಗೆ ನಿಂತು ಆಡುತ್ತಿದ್ದ. ಓಟಗಾರನಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವ ಜಾತಿಯವನೂ ಅಲ್ಲ. ಆ ಕೆಲಸಕ್ಕೆ ಹಿಂದೆ ಬ್ರೆಜಿಲಿನ ಜೊಸುಯೆ ಇದ್ದ, ಎರಡು ಮಗ್ಗುಲಲ್ಲಿ ದುಡಿಯುವ ಆಳುಗಳಿದ್ದರು. ಮಿಸಿಮೊವಿಚ್ ಮಾಡಬೇಕಾದ್ದು ನೋಡುವುದು, ಕೊಡುವುದು, ಅಷ್ಟೆ. ಆ ವರ್ಷ ಆತನ ಕಾಲಿನಿಂದ ಹೊರಟ ಚೆಂಡುಗಳಲ್ಲಿ 20 ನೇರವಾಗಿ ಗೋಲಿಗೆ ದಾರಿಯಾದವು. ಆಟಗಾರರಿಗೆಲ್ಲ ಓಟ ಕಲಿಸುವವನೆಂದು ಹೆಸರಾದ ಗುರು ತನ್ನ ಶ್ರೇಷ್ಠ ತಂಡದ ನಡುವಿನಲ್ಲಿ ಓಡದೆ ನಿಲ್ಲಬಹುದಾದ ಒಂದು ಜಾಗವನ್ನು ಮಾಡಿಟ್ಟಿದ್ದ. ಉಳಿದವರ ಬೆವರೆಲ್ಲ ಆ ಜಾಗದ ಬೇಲಿ. ಹ್ಯಾಂಬರ್ಗಿನಲ್ಲಿ ತಾನು ನಿಂತಿದ್ದ ಜಾಗವೇ ಅದು. ಎಂದಮೇಲೆ ಆಡಿದವನು ಬೇರೆ, ಆಡಿಸಿದವನು ಬೇರೆ ಎಂಬ ಮಾತಿಗೆ ಆಧಾರವೆಲ್ಲಿ? ಜೆಬೆಟ್ಸ್‌ನಿಂದ ಬೇಲಿ ಕಟ್ಟುವುದನ್ನು ಕಲಿತ. ಬೇಲಿಯೊಳಗೆ ಏನು ಬೆಳೆಯಬೇಕೆಂಬುದನ್ನು ತನ್ನ ಎಡಗಾಲಿನಿಂದಲೇ ಕಲಿತಿದ್ದ.

ಆದರೆ ಹ್ಯಾಪಲ್‌ನಿಂದ ಕಲಿಯಬೇಕಾದ ಒಂದು ಪಾಠ ಉಳಿದುಹೋಯಿತೆಂದು ನನಗೆ ತೋರುತ್ತದೆ. ಅದು ಶಿಷ್ಯನನ್ನು ನಂಬುವುದು. ಇದಕ್ಕೆ ಸಾಕ್ಷಿ ಬೇಕಾದವರು ವುಲ್ಫ್ಸ್‌ಬರ್ಗಿನ ಎರಡನೆಯ ಅಧ್ಯಾಯವನ್ನು ನೋಡಬೇಕು. ನಡುವೆ ಆತ ಷಾಲ್ಕೆಗೆ ಹೋಗಿ 2010ರಲ್ಲಿ ಎರಡನೆಯ ಸ್ಥಾನ ತಂದುಕೊಟ್ಟು, ಸ್ಪೇನಿನ ರಾವುಲ್‌ನಂಥವನನ್ನು ಅಲ್ಲಿಗೆ ಕರೆತಂದು, ಎಲ್ಲರೊಡನೆ ಜಗಳವಾಡಿ, 2011ರ ಮಾರ್ಚಿಯಲ್ಲಿ ಹೊರಬಿದ್ದಿದ್ದ. ಎರಡೇ ದಿನದಲ್ಲಿ ವುಲ್ಫ್ಸ್‌ಬರ್ಗ್ ಮತ್ತೆ ಕರೆಯಿತು. ಅಲ್ಲಿ ಆಗ ಬ್ರೆಜಿಲಿನ ಡಿಯೇಗೋ ಇದ್ದ: ಮಿಸಿಮೊವಿಚ್‌ನ ಕಸುಬಿನವನೇ, ಕೈಯಲ್ಲಿ ಅವನಿಗಿಂತ ಹೆಚ್ಚು ಬಂಡವಾಳವಿದ್ದವನು. ಲೀಗಿನ ಕಡೆಯ ಪಂದ್ಯದ ದಿನ, ಆಡುವ ಹನ್ನೊಂದು ಮಂದಿಯಲ್ಲಿ ತಾನಿಲ್ಲವೆಂದು ತಿಳಿದು ಡಿಯೇಗೋ ಸಿಟ್ಟಿನಿಂದ ತಂಡವನ್ನು ಬಿಟ್ಟು ಹೊರಟುಹೋದ. ಅವನದು ತಪ್ಪಲ್ಲವೆನ್ನಲಾರೆ. ಮಾಗಟ್ ಅವನನ್ನು ಮ್ಯಾಡ್ರಿಡ್ಡಿನ ಅಟ್ಲೆಟಿಕೋ ತಂಡಕ್ಕೆ ಎರವಲು ಕಳಿಸಿದ. ಅಲ್ಲಿ ಅವನು ಮರುವರ್ಷವೇ ಯೂರೋಪಾ ಲೀಗ್ ಗೆದ್ದ ತಂಡದಲ್ಲಿ ಮಿಂಚಿದ. ಇತ್ತ ವುಲ್ಫ್ಸ್‌ಬರ್ಗಿನಲ್ಲಿ ಆಟಗಾರರು ಗಾಡಿಗಟ್ಟಲೆ ಬಂದರು, ಗಾಡಿಗಟ್ಟಲೆ ಹೋದರು. ಒಳ್ಳೆಯ ತಂಡವೊಂದು ಕೂಡಿಬರಲಿಲ್ಲ. 2012ರ ಅಕ್ಟೋಬರಿನಲ್ಲಿ ಪಟ್ಟಿಯ ಕೊನೆಯಲ್ಲಿದ್ದ ತಂಡವನ್ನು ಬಿಟ್ಟು ಆತ ಹೋದ. ತನ್ನಂಥವನೇ ಒಬ್ಬನು ಎದುರಿಗೆ ನಿಂತಾಗ ಗುರುತಿಸಲಾರದೆ ಹೋದದ್ದು ಈ ಗುರುವಿನ ಬಾಳಿನ ದೊಡ್ಡ ನಷ್ಟವೆಂದೇ ನನ್ನ ಎಣಿಕೆ. ಫುಲ್ಹಾಮಿನಲ್ಲಿ ಮುಂದೆ ಆದದ್ದೆಲ್ಲ ಅದರ ಮುಂದೆ ಸಣ್ಣದು.

ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಎತ್ತಿ ಹೇಳಿದಂತಿಲ್ಲ. 1999ರಲ್ಲಿ ಬ್ರೆಮನ್ ತಂಡವನ್ನು ಜರ್ಮನ್ ಕಪ್ಪಿನ ಫೈನಲಿಗೆ ಮುಟ್ಟಿಸಿದವನು ಮಾಗಟ್. ಕಪ್ ಗೆಲ್ಲಿಸಿದವನು ಆತನ ಜಾಗಕ್ಕೆ ಬಂದ ಷಾಫ್. 2011ರಲ್ಲಿ ಷಾಲ್ಕೆಯನ್ನು ಅದೇ ಫೈನಲಿಗೆ ಮುಟ್ಟಿಸಿದವನು ಮಾಗಟ್. ಗೆಲ್ಲಿಸಿದವನು ಆತನ ಜಾಗಕ್ಕೆ ಬಂದ ರಾಂಗ್ನಿಕ್. ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಎಂಟರ ಘಟ್ಟಕ್ಕೆ ತಾನು ತಂದುಬಿಟ್ಟಿದ್ದ ಷಾಲ್ಕೆ, ರಾಂಗ್ನಿಕ್ ಬಂದ ಕೆಲವೇ ವಾರದಲ್ಲಿ ಮಿಲಾನಿನಲ್ಲಿ ಇಂಟರ್ ತಂಡದ ಮೇಲೆ 5-2ರಿಂದ ಗೆದ್ದಿತು. ಆಟಗಾರರು ಅವರೇ, ಕಾಲಿನ ಕಸುವೂ ಮಾಗಟ್ ತುಂಬಿದ್ದೇ. ನೊಗ ಇಳಿಸಿದೊಡನೆ ಎತ್ತು ಜಿಗಿಯಿತು. ಉತ್ತವನಿಗೆ ಇದರಲ್ಲಿ ಪಾಲಿಲ್ಲವೆನ್ನಲು ಬಾರದು. ಜಿಗಿತಕ್ಕೆ ಕಾರಣ ನೊಗವೇ ಎಂದೂ ಹೇಳಲು ಬಾರದು.

ಇಂಗ್ಲೆಂಡಿನ ಫುಲ್ಹಾಮ್ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 2014ರ ಫೆಬ್ರುವರಿಯಲ್ಲಿ ಹೋದ. ತಂಡ ಕೆಳಗಿನ ದರ್ಜೆಗೆ ಬಿತ್ತು. ಅಲ್ಲಿ ಮೊದಲ ಏಳು ಲೀಗ್ ಪಂದ್ಯದಲ್ಲಿ ಒಂದೇ ಅಂಕ ಬಂದಿತು. ಸೆಪ್ಟೆಂಬರಿನಲ್ಲಿ ಮನೆಗೆ ಕಳಿಸಿದರು. ನೊಂದ ಕಾಲಿಗೆ ಗಿಣ್ಣು ಕಟ್ಟಿಕೊಳ್ಳಲು ಹೇಳಿದನೆಂದು ನಾರ್ವೆಯ ಹಾಂಗೆಲಾಂಡ್ ಹೇಳಿದ್ದು ಊರೆಲ್ಲ ಹಬ್ಬಿ, ಆತ ನಗೆಪಾಟಲಾದ. ಜರ್ಮನ್ ಅಜ್ಜಿಯರ ಮನೆಮದ್ದು ಅದು, ಊತಕ್ಕೆ ಕೆನೆಗಿಣ್ಣು ಹಚ್ಚುವುದು. ನಮ್ಮಲ್ಲಿ ಅರಿಶಿನದ ಪಟ್ಟು ಹಾಕುವಂತೆ. ಇಷ್ಟಕ್ಕೆ ಅಷ್ಟು ನಗುವ ಅಗತ್ಯವಿರಲಿಲ್ಲ. ಆಮೇಲೆ ಚೀನದ ಷಾಂಡಾಂಗಿನಲ್ಲಿ 2017ರ ಕೊನೆಯವರೆಗೆ ಇದ್ದು, ಆತ ಬಹುಕಾಲ ಸುಮ್ಮನಾದ.

2022ರ ಮಾರ್ಚಿಯಲ್ಲಿ ಬರ್ಲಿನ್ನಿನ ಹೆರ್ಟಾ ಸಂಘ ಮುಳುಗತೊಡಗಿ, ಅರವತ್ತೆಂಟು ವರ್ಷದ ಅಂಬಿಗನನ್ನು ಕರೆಸಿತು. ಲೀಗಿನ ಕೊನೆಗೆ ತಂಡ 16ನೆಯದಾಗಿ ನಿಂತಿತು. ಆ ಸ್ಥಾನದವರು ಕೆಳಗಿನ ದರ್ಜೆಯ ಮೂರನೆಯವರೊಡನೆ ಎರಡು ಪಂದ್ಯ ಆಡಿ ಉಳಿಯಬೇಕು, ಇಲ್ಲವೆ ಇಳಿಯಬೇಕು. ಮೂರನೆಯವರಾಗಿ ಬಂದದ್ದು ಹ್ಯಾಂಬರ್ಗ್. 2018ರಲ್ಲಿ ಮೊದಲ ಬಾರಿಗೆ ಲೀಗಿನ ಮೇಲಿನ ದರ್ಜೆಯಿಂದ ಬಿದ್ದಿದ್ದ ಆ ಸಂಘಕ್ಕೆ ಮತ್ತೆ ಏರಲು ಬಾಗಿಲು ತೆರೆದಿತ್ತು. ಬರ್ಲಿನ್ನಿನ ಮೊದಲ ಪಂದ್ಯವನ್ನು ಹ್ಯಾಂಬರ್ಗ್ 1-0ಯಿಂದ ಗೆದ್ದಿತು. ಎರಡನೆಯದು ಮೇ 23ರಂದು, ಹ್ಯಾಂಬರ್ಗಿನಲ್ಲೇ. ಅಥೆನ್ಸಿನ ಗೋಲಿಗೆ ಮೂವತ್ತೊಂಬತ್ತು ವರ್ಷ ತುಂಬಲು ಇನ್ನೆರಡು ದಿನವಿತ್ತು. ಆಟ ಶುರುವಾದ ನಾಲ್ಕನೆಯ ನಿಮಿಷದಲ್ಲಿ ಬೊಯಾಟ ತಲೆಯಿಂದ ಒಂದು ಗೋಲು ಹಾಕಿದ. ಎರಡನೆಯ ಅರ್ಧದಲ್ಲಿ ಪ್ಲಾಟೆನ್‌ಹಾರ್ಟ್ ಬದಿಯಿಂದ ಎಡಗಾಲಿನಲ್ಲಿ ಬಾಗಿಸಿ ಹೊಡೆದ ಚೆಂಡು ಯಾರಿಗೂ ತಾಕದೆ ನೇರ ಬಲೆಗೆ ಹೋಯಿತು. ಹೆರ್ಟಾ ಉಳಿಯಿತು. ಹ್ಯಾಂಬರ್ಗ್ ಮತ್ತೆ ಮೂರು ವರ್ಷ, 2025ರವರೆಗೆ, ಕೆಳಗೇ ಕಾಯಬೇಕಾಯಿತು.